ಶೋಭಿತಾಳ ಜಡೆ

ಮದುವೆಯಾಗಿ ಮಳವಳ್ಳಿಯ ಈ ಮನೆಗೆ ಬಂದಾಗ ನನ್ನ ಜೊತೆ ಎರಡು ಚೀಲ ಬಂದವು. ಒಂದರಲ್ಲಿ ಸೀರೆ, ಇನ್ನೊಂದರಲ್ಲಿ ದಾರ. ದಾರದ ಚೀಲವೇ ದೊಡ್ಡದು. ನಮ್ಮತ್ತೆ ಚಿಕ್ಕಮಾದಮ್ಮ ಅದರ ಬಾಯಿ ಬಿಚ್ಚಿ, ಒಳಗಿದ್ದ ರೇಷ್ಮೆ ದಾರದ ಲಡಿಗಳನ್ನೂ ಕಸೂತಿಯ ರಿಂಗುಗಳನ್ನೂ ನೋಡಿ ಮುಖ ಸಪ್ಪಗೆ ಮಾಡಿಕೊಂಡರು. "ಇವ್ಳೂ ಸೂಜಿ ಇಡ್ಯೋಳೇ ಕಣ್ಲಾ" ಎಂದು ಮಗನಿಗೆ ಹೇಳಿದರು. ನನ್ನ ಗಂಡ ಸಿದ್ದೇಶ್ ಆಟೋದವನನ್ನು ಕಳಿಸುವ ನೆಪ ಮಾಡಿಕೊಂಡು ಹೊರಗೆ ಹೋದರು. ನಾನು ಎರಡನೆಯವಳು. ಮೊದಲನೆಯವಳು ಶೋಭಿತಾ ಕ್ಯಾನ್ಸರಿನಿಂದ ತೀರಿಕೊಂಡು ಆಗ ಒಂದೂವರೆ ವರ್ಷವಾಗಿತ್ತು. ಅವಳ ಮಗಳು ದೀಪಿಕಳಿಗೆ ಆರು ವರ್ಷ.

ಕಸೂತಿ ನನಗೆ ಹೊಟ್ಟೆಪಾಡಲ್ಲ, ಹುಚ್ಚು. ಬೆಳಗ್ಗೆಯೆಲ್ಲ ಒಂದು ಲ್ಯಾಬಿನಲ್ಲಿ ಕಂಡವರ ರಕ್ತ, ಮೂತ್ರ ಪರೀಕ್ಷೆ ಮಾಡುತ್ತೇನೆ. ಮಧ್ಯಾಹ್ನ ಮನೆಗೆ ಬಂದು ಬಟ್ಟೆಯನ್ನು ರಿಂಗಿಗೆ ಬಿಗಿದು ಬೆರಳಿನಿಂದ ತಟ್ಟಬೇಕು, ಅದು ತಮಟೆಯ ಹಾಗೆ ಸದ್ದು ಮಾಡಬೇಕು, ಆಗಲೇ ನನಗೆ ಹೋದ ಜೀವ ಬರುವುದು. ಸೂಜಿ ಬಟ್ಟೆಯನ್ನು ದಾಟುವಾಗಿನ ಆ ಸಣ್ಣ ಟಕ್, ಅದರ ಹಿಂದೆಯೇ ಸರ್ರನೆ ಬರುವ ದಾರ, ಏನೂ ಇಲ್ಲದ ಬಟ್ಟೆಯ ಮೇಲೆ ಒಂದು ಎಲೆ ತುದಿಯಿಂದ ತೊಟ್ಟಿನವರೆಗೆ ತುಂಬಿಕೊಳ್ಳುವುದು. ಹಸಿರಿನಲ್ಲೇ ನನ್ನ ಹತ್ತಿರ ಹದಿನಾಲ್ಕು ಬಗೆಯಿದೆ. ಹೊಲಿಯುವಾಗ ಯಾರಾದರೂ ಕರೆದರೆ ನನಗೆ ಎಲ್ಲಿಲ್ಲದ ಸಿಟ್ಟು. ಇದರಿಂದ ಎಷ್ಟು ಸಲ ಸಾರು ಸೀದಿದೆಯೋ ಲೆಕ್ಕ ಇಟ್ಟಿಲ್ಲ.

ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ನಡುಮನೆಯ ಕಿಟಕಿಯ ಪಕ್ಕ ಕೂತು ಹೊಲಿಯುತ್ತಿದ್ದೆ. ಕಾಫಿ ತಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. "ಸೋಬಿತಾ" ಎಂದರು. ನಾನು ತಲೆಯೆತ್ತಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಲ್ಲೇ ಕೂತ್ಕೋಬೇಕಾ ನೀನು? ಆಚೆ ಕಡೆ ಬೆಳಕಿಲ್ವಾ?" ಎಂದು ನನ್ನ ಮೇಲೆಯೇ ರೇಗಿದರು. ಅಲ್ಲಿ ಬಿಟ್ಟರೆ ಈ ಮನೆಯಲ್ಲಿ ಸೂಜಿಗೆ ದಾರ ಪೋಣಿಸುವಷ್ಟು ಬೆಳಕು ಇನ್ನೆಲ್ಲೂ ಬೀಳುವುದಿಲ್ಲ. ಅದು ಶೋಭಿತಾಳಿಗೂ ಗೊತ್ತಾಗಿತ್ತು, ನನಗೂ ಗೊತ್ತಾಯಿತು. ಆಮೇಲೆ ಅಲ್ಲಿ ಕೂತಾಗಲೆಲ್ಲ, ಯಾರೋ ಎದ್ದು ಹೋದ ಜಾಗದಲ್ಲಿ ಕೂತ ಹಾಗೆ ಬೆಚ್ಚಗಿದೆ ಅನ್ನಿಸುತ್ತಿತ್ತು.

ದೀಪಿಕಳ ಹತ್ತಿರ ಒಂದು ದಿಂಬಿತ್ತು. ಅದರ ಬಿಳಿ ಕವರಿನ ಮೇಲೆ ಶೋಭಿತಾ ಹೊಲಿದ ಒಂದು ಹೆಂಗಸು. ಕುಂಕುಮ ಬಣ್ಣದ ಸೀರೆಯುಟ್ಟು ನಮಗೆ ಬೆನ್ನು ಮಾಡಿ ಕೂತಿದ್ದಾಳೆ. ಮುಖವಿಲ್ಲ, ಉದ್ದನೆಯ ಕಪ್ಪು ಜಡೆ ಮಾತ್ರ. ಕಸೂತಿ ಬಲ್ಲವರು ಮೊದಲು ನೋಡುವುದು ಬಟ್ಟೆಯ ಹಿಂಬದಿಯನ್ನು. ನಾನೂ ಕವರನ್ನು ಒಳಹೊರಗು ಮಾಡಿ ನೋಡಿದೆ. ಒಂದೇ ಒಂದು ಗಂಟಿಲ್ಲ, ಅಡ್ಡಾದಿಡ್ಡಿ ಎಳೆಯಿಲ್ಲ. ನನಗಿಂತ ಚೆನ್ನಾಗಿ ಹೊಲಿಯುತ್ತಿದ್ದಳು, ಸುಳ್ಳೇಕೆ ಹೇಳಲಿ. ಜಡೆಯನ್ನು ಮಾತ್ರ ಬೇರೆ ರೀತಿ ಮಾಡಿದ್ದಳು. ನಿಜವಾದ ಕೂದಲನ್ನು ಹೆಣೆದು ಬಟ್ಟೆಯ ಮೇಲೆ ಮಲಗಿಸಿ, ಕಪ್ಪು ದಾರದ ಸಣ್ಣ ಸಣ್ಣ ಹೊಲಿಗೆಯಿಂದ ಅಲ್ಲಲ್ಲಿ ಕಟ್ಟಿ ಕೂರಿಸಿದ್ದಳು. ಅಂಗಡಿಯಲ್ಲಿ ಸಿಗುವ ಚೌರಿಯ ತುಂಡಿರಬೇಕು ಅಂದುಕೊಂಡೆ.

ಹುಡುಗಿ ಶಾಲೆಯಿಂದ ಬಂದವಳೇ ಆ ದಿಂಬಿನ ಪಕ್ಕ ಕೂತು ವರದಿ ಒಪ್ಪಿಸುತ್ತಿದ್ದಳು. ಮಿಸ್ ಏನೆಂದರು, ಯಾರು ಪೆನ್ಸಿಲ್ ಕದ್ದರು, ಎಲ್ಲ. ಒಂದು ದಿನ, "ಅದ್ಯಾಕೆ ಅಮ್ಮನ ಮುಖ ಕಾಣಲ್ಲ?" ಎಂದು ಕೇಳಿದೆ. "ಅಮ್ಮ ಅತ್ಲಾಗೆ ತಿರುಕ್ಕೊಂಡವ್ಳೆ. ಆಮೇಲೆ ಇತ್ಲಾಗೆ ತಿರುಗ್ತಾಳೆ" ಎಂದಳು, ನನಗೇ ಬುದ್ಧಿಯಿಲ್ಲ ಅನ್ನುವ ಹಾಗೆ. ನನ್ನನ್ನು ಅಜ್ಜಿ ಹೇಳಿಕೊಟ್ಟಂತೆ ಚಿಕ್ಕಮ್ಮ ಅನ್ನುತ್ತಿದ್ದಳು, ನೀವು ಅನ್ನುತ್ತಿದ್ದಳು. ತಲೆ ಬಾಚಿಸಿಕೊಳ್ಳುತ್ತಿದ್ದಳು, ನಾನು ಕಲಸಿಟ್ಟ ಅನ್ನ ತಿನ್ನುತ್ತಿದ್ದಳು, ಆದರೆ ನನಗೆ ಬೇಕಿದ್ದುದು ಬೇರೆ. ಅವಳು ಒಂದು ಸಲ, ಬಾಯಿತಪ್ಪಿಯಾದರೂ, ನನ್ನನ್ನು ಅಮ್ಮ ಅನ್ನಲಿ ಎಂದು ನನಗೆ ಜೀವ ಹೋಗುವಷ್ಟು ಆಸೆಯಿತ್ತು. ಆ ಬೆನ್ನು ಮಾಡಿ ಕೂತವಳ ಮೇಲೆ ಹೊಟ್ಟೆಕಿಚ್ಚೂ ಇತ್ತು.

ಜಡೆ ಸವೆದು ಒಂದೊಂದೇ ಕೂದಲು ಎದ್ದು ನಿಂತಿತ್ತು. ಮಲಗಿ ಎದ್ದರೆ ಹುಡುಗಿಯ ಕೆನ್ನೆಯ ಮೇಲೆ ಕೆಂಪು ಗೀರು, ಹಾಸಿಗೆಯ ಮೇಲೆ ಉದುರಿದ ಎಳೆಗಳು. ಅವಳು ಅದನ್ನು ಆರಿಸಿ ಮತ್ತೆ ಜಡೆಯೊಳಗೆ ತುರುಕುತ್ತಿದ್ದಳು. ರೇಷ್ಮೆ ದಾರದಲ್ಲಿ ಹೊಸ ಜಡೆ ಹಾಕಿಕೊಡುತ್ತೇನೆ ಎಂದರೆ, "ಬೇಡ" ಎಂದಷ್ಟೇ ಹೇಳಿ ದಿಂಬನ್ನು ಎದೆಗವುಚಿಕೊಳ್ಳುತ್ತಿದ್ದಳು.

ದಸರಾ ರಜೆಗೆ ಬಂಡೂರಿನ ತಾತನ ಮನೆಗೆ, ಅಂದರೆ ಶೋಭಿತಾಳ ತವರಿಗೆ ಹೊರಟಾಗ ದಿಂಬನ್ನೂ ಒಯ್ಯುತ್ತೇನೆಂದು ಹಟ ಮಾಡಿದಳು. "ಅಲ್ಲಿ ಕುರಿಮರಿ ಜೊತೆ ಬಿದ್ದು ಒದ್ದಾಡ್ತೀಯ, ಹೊಲಸಾಗುತ್ತೆ. ನಾನು ಜೋಪಾನವಾಗಿ ನೋಡ್ಕೋತೀನಿ" ಎಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ದಿಂಬನ್ನು ನನ್ನ ಕೈಗೆ ಕೊಟ್ಟಳು. ಅವರಪ್ಪ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದರು.

ಮಾರನೆಯ ಬೆಳಗ್ಗೆಯೇ, ಲ್ಯಾಬಿಗೂ ಹೋಗದೆ, ನಾನು ಬ್ಲೇಡು ಹಿಡಿದು ಕೂತೆ. ಕೆನ್ನೆಯ ಗೀರು ಒಂದು ನೆಪ. ಆ ದಿಂಬಿನಲ್ಲಿ ನನ್ನ ಕೈಯದೂ ಒಂದಿಷ್ಟು ಇರಲಿ, ಅವಳು ತಲೆಯಿಟ್ಟಾಗ ನನ್ನದೂ ತಾಗಲಿ ಅನ್ನುವುದೇ ಅಸಲು ಮಾತು. ಹಿಂಬದಿಯಿಂದ ಕಪ್ಪು ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದೆ. ಗೇಣುದ್ದದ ಜಡೆ ಇಡಿಯಾಗಿ ಕೈಗೆ ಬಂತು. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಜಡೆಯಿಲ್ಲ. ಅತ್ತೆ ಅಡುಗೆಮನೆಯಲ್ಲಿ ಹೊಸ ಸ್ಟೀಲ್ ಬಟ್ಟಲೊಂದನ್ನು ತೊಳೆಯುತ್ತಿದ್ದರು. ತಲೆ ಬಾಚಿದ ಕೂದಲನ್ನು ಒಂದು ಕವರಿನಲ್ಲಿ ಕೂಡಿಟ್ಟು, ಬೀದಿಯಲ್ಲಿ ಬರುವ ಕೂದಲಿನವನಿಗೆ ಕೊಟ್ಟು ಪಾತ್ರೆ ತೆಗೆದುಕೊಳ್ಳುವುದು ಅವರ ರೂಢಿ. ನಮ್ಮ ಕಡೆ ಎಲ್ಲರ ಮನೆಯ ರೂಢಿಯೂ ಅದೇ. "ನಿನ್ ಕೂದ್ಲೂ ಅಲ್ಲೇ ಬಿದ್ದಿತ್ತಲ್ಲ, ಅದ್ನೂ ಸೇರ್ಸಿ ಕೊಟ್ಟೆ. ನೋಡು, ಎಷ್ಟು ದಪ್ಪನೆ ಬಟ್ಲು ಕೊಟ್ಟವ್ನೆ" ಎಂದರು. ಚೌರಿ ತಾನೆ, ಹೋದರೆ ಹೋಗಲಿ ಎಂದು ನಾನೂ ಸುಮ್ಮನಾದೆ.

ಮತ್ತೆ ಕಿಟಕಿಯ ಬಳಿ ಕೂತು ಬಟ್ಟೆಯನ್ನು ರಿಂಗಿಗೆ ಬಿಗಿದಾಗ ಒಂದು ಹೊಲಿಗೆಯ ಕೆಳಗೆ ಸಿಕ್ಕಿಕೊಂಡಿದ್ದ ಮೂರು ಕೂದಲು ಕಂಡವು. ಎಳೆದು ತೆಗೆದು ಬೆಳಕಿಗೆ ಹಿಡಿದೆ. ಮೂರರ ತುದಿಯಲ್ಲೂ ರಾಗಿಗಿಂತ ಸಣ್ಣದಾಗಿ ಬೆಳ್ಳಗೆ ಬುಡವಿತ್ತು. ಕತ್ತರಿಸಿದ ಕೂದಲಿಗೆ ಬುಡವಿರುವುದಿಲ್ಲ. ಇದು ತಾನಾಗಿ ಉದುರಿದ್ದು. ಕವರನ್ನು ಹಿಡಿದುಕೊಂಡೇ ಅಡುಗೆಮನೆಗೆ ಹೋದೆ.

"ಅತ್ತೆ, ಶೋಭಿತಾಗೆ ಕೂದಲು ಉದುರಿತ್ತಾ?"

"ಉದುರ್ದೆ ಇದ್ದಾತಾ? ಬೆಂಗ್ಳೂರಲ್ಲಿ ಔಸ್ದಿ ಏರ್ಸಿದ್ ಮೇಲೆ ಒತ್ತಾರೆ ಎದ್ರೆ ದಿಂಬಿನ್ ತುಂಬ ಕೂದ್ಲೇ. ಒಂದ್ ಎಳೆ ಎಸ್ಯಕ್ಕೆ ಬುಡ್ತಿರ್ಲಿಲ್ಲ ಕಣವ್ವ. ಎಲ್ಲಾನೂ ಆರ್ಸಿ ಆರ್ಸಿ ಡಬ್ಬಿಗೆ ಆಕ್ಕೊಳ್ಳೋಳು. ಏನ್ ಮಾಡುದ್ಲೋ ಕಾಣೆ." ಹೇಳುತ್ತ ಹೇಳುತ್ತ ನನ್ನ ಕೈಯಲ್ಲಿದ್ದ ಬೋಳು ದಿಂಬಿನ ಕವರನ್ನು ನೋಡಿದರು. ಆಮೇಲೆ ಬಟ್ಟಲನ್ನು ನೋಡಿದರು. ಅದನ್ನು ನನ್ನ ಕಡೆಗೆ ತಳ್ಳಿದರು.

ಬಟ್ಟಲನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಹೊರಟೆ. ಪೇಟೆ ಬೀದಿ, ಬಸ್ ಸ್ಟ್ಯಾಂಡು, ಎಲ್ಲೂ ಆ ಕೂದಲಿನವನಿಲ್ಲ. ಮದ್ದೂರು ರಸ್ತೆಯ ಕಡೆ ಹೋದ ಎಂದು ಯಾರೋ ಹೇಳಿದರು. ಏಳೆಂಟು ಮೈಲಿ ಹೋದ ಮೇಲೆ ಒಂದು ಟೀ ಅಂಗಡಿಯ ಮುಂದೆ ಅವನ ಮೊಪೆಡ್ ಕಂಡಿತು. ಮೊಪೆಡ್ಡಿನ ಎರಡೂ ಕಡೆ ಪಾತ್ರೆ, ಹಿಂದೆ ಉಬ್ಬಿದ ಮೂಟೆ.

"ಅಣ್ಣ, ಬೆಳಗ್ಗೆ ಮಳವಳ್ಳೀಲಿ ನಮ್ಮತ್ತೆ ಕೊಟ್ಟ ಕೂದಲು ವಾಪಸ್ ಬೇಕು. ತಗೊಳಿ ನಿಮ್ಮ ಬಟ್ಟಲು."

ಅವನು ನಗುತ್ತ ಮೂಟೆಯ ಬಾಯಿ ಬಿಚ್ಚಿದ. "ಉಡುಕ್ಕೊ ತಾಯಿ. ಮೂರ್ ದಿನದಿಂದ ಇನ್ನೂರ್ ಮನೆ ಕೂದ್ಲು ಅದೆ ಇದ್ರಾಗೆ."

ಕರಿಯದು, ನರೆತದ್ದು, ಮೆಹಂದಿ ಹಚ್ಚಿ ಕೆಂಪಾದದ್ದು. ಎಣ್ಣೆ, ಸೀಗೆಪುಡಿ, ಬೆವರಿನ ವಾಸನೆ ಒಟ್ಟಾಗಿ ಮುಖಕ್ಕೆ ಹೊಡೆಯಿತು. ಹೆಣೆದ ಜಡೆಯಲ್ಲವೇ, ಕೈಗೆ ಸಿಕ್ಕರೆ ಗೊತ್ತಾಗುತ್ತದೆ ಅನ್ನುವ ಆಸೆಯಿಂದ ಮೊಣಕೈವರೆಗೆ ಕೈ ಹಾಕಿದೆ. ಒಳಗೆಲ್ಲ ಬಿಸಿಯಾಗಿತ್ತು. ಕೈಯಾಡಿಸಿದಷ್ಟೂ ಕೂದಲು ಬಳೆಗಳಿಗೆ ಸುತ್ತಿಕೊಂಡು ಬಿಗಿಯಿತು. ಎಳೆದರೆ ಕೈ ಬರಲಿಲ್ಲ. ಯಾರೋ ಒಳಗಿನಿಂದ ಮಣಿಕಟ್ಟು ಹಿಡಿದುಕೊಂಡಿದ್ದಾರೆ ಅನ್ನಿಸಿ, ನಡುಹಗಲಲ್ಲಿ, ರಸ್ತೆಯ ಪಕ್ಕದಲ್ಲಿ, ನಾನು ಕಿರುಚಿಕೊಂಡೆ. ಅವನು ಗಾಬರಿಯಾಗಿ ಕತ್ತರಿ ತಂದು ಬಳೆಗೆ ಸುತ್ತಿದ್ದನ್ನೆಲ್ಲ ಕತ್ತರಿಸಿ ಬಿಡಿಸಿದ.

"ಸತ್ತೋರ್ ಕೂದ್ಲಾ?" ಎಂದು ಮೆಲ್ಲಗೆ ಕೇಳಿದ. ತಲೆಯಾಡಿಸಿದೆ.

"ಆ ಜಡೆ ನಾನ್ ಆಗ್ಲೇ ಬಿಚ್ಚಿ ಬೆರ್ಸಿವ್ನಿ ಕಣಮ್ಮ. ಇನ್ ಸಿಕ್ಕಕಿಲ್ಲ." ಮೂಟೆಯ ಬಾಯಿ ಕಟ್ಟಿದ. ಬಟ್ಟಲನ್ನು ತಿರುಗಿ ನನ್ನ ಡಿಕ್ಕಿಯಲ್ಲಿಟ್ಟು ಟೀಯನ್ನೂ ಕುಡಿಯದೆ ಹೊರಟುಹೋದ.

ಮನೆಗೆ ಬಂದವಳು ಕನ್ನಡಿಯ ಮುಂದೆ ಕೂತು ನನ್ನ ತಲೆಗೆ ಕೈಹಾಕಿದೆ. ಕತ್ತರಿಸಿಕೊಳ್ಳಬಹುದಿತ್ತು. ಕತ್ತರಿ ಮುಟ್ಟಲು ಮನಸ್ಸಾಗಲಿಲ್ಲ. ಒಂದೊಂದಾಗಿ ಬುಡ ಸಮೇತ ಕಿತ್ತೆ. ಎರಡು ದಿನ, ಲ್ಯಾಬಿಗೆ ರಜೆ ಹಾಕಿ. ನೆತ್ತಿ ಉರಿಯುತ್ತಿತ್ತು, ಕಣ್ಣಲ್ಲಿ ನೀರು. ಅತ್ತೆ ಬಂದು ನೋಡಿದರು. ಬಿಳಿ ಟವೆಲ್ ಹಾಸಿ, ನಾನು ಕಿತ್ತದ್ದನ್ನು ನೆಟ್ಟಗೆ ಜೋಡಿಸುತ್ತ ಕೂತರು. "ಮಗೀಗೆ ಯೋಳ್ಬ್ಯಾಡ ಕಣವ್ವ. ನಾನೂ ಯೋಳಕಿಲ್ಲ" ಎಂದರು. ಸಿದ್ದೇಶ್ ಬಾಗಿಲಿಗೆ ಬಂದು ನೋಡಿ, ಕಣ್ಣು ತುಂಬಿಕೊಂಡು, ಒಳಗೆ ಹೋದರು.

ಜಡೆ ಹೆಣೆದು ಬಟ್ಟೆಯ ಮೇಲೆ ಮಲಗಿಸಿದೆ. ಶೋಭಿತಾಳ ಸೂಜಿ ಮಾಡಿದ ತೂತುಗಳು ಹಾಗೆಯೇ ಇದ್ದವು. ನಾನು ಜಾಗ ಹುಡುಕಬೇಕಾಗಲಿಲ್ಲ. ಸೂಜಿ ತಾನಾಗಿ ಹೋಗಿ ಹಳೆಯ ತೂತಿನಲ್ಲಿ ಇಳಿಯುತ್ತಿತ್ತು. ಕೆಳಗಿನಿಂದ ಮೇಲೆ ಬರುವಾಗಲೂ ಅಷ್ಟೇ, ಯಾರೋ ಆ ಕಡೆಯಿಂದ ತಿರುಗಿಸಿ ಕೊಟ್ಟ ಹಾಗೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ಸುಖವಾಗಿ ನಾನು ಯಾವತ್ತೂ ಹೊಲಿದಿರಲಿಲ್ಲ. ಕೈ ನೋಯಲಿಲ್ಲ, ದಾರ ಒಂದು ಸಲವೂ ಸಿಕ್ಕಾಗಲಿಲ್ಲ. ಮಧ್ಯೆ ಒಮ್ಮೆ ಸೂಜಿಯ ಟಕ್ ಎರಡೆರಡು ಸಲ ಕೇಳಿದಂತಾಗಿ ಕೈ ನಿಲ್ಲಿಸಿದೆ. ಎರಡನೆಯದು ಸ್ವಲ್ಪ ತಡವಾಗಿ ನಿಂತಿತು. ಕತ್ತಿನ ಹಿಂದೆ ಉಸಿರು ತಾಗಿತು. ಹಿಂತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕೊನೆಯ ಹೊಲಿಗೆ ಮುಗಿಸಿ ಹಿಂಬದಿ ನೋಡಿದರೆ, ಒಂದು ಗಂಟೂ ಇಲ್ಲ. ನಾನು ಗಂಟು ಹಾಕದೆ ಹೊಲಿಯುವವಳೇ ಅಲ್ಲ.

ಭಾನುವಾರ ಸಂಜೆ ದೀಪಿಕ ಬಂದಳು, ಮೈಯೆಲ್ಲ ಕುರಿಮರಿಯ ವಾಸನೆ. ಚಪ್ಪಲಿಯನ್ನೂ ಬಿಡದೆ ಕೋಣೆಗೆ ಓಡಿದಳು. ನಾನು, ಅತ್ತೆ ಮುಖ ಮುಖ ನೋಡಿಕೊಂಡು ನಡುಮನೆಯಲ್ಲೇ ನಿಂತೆವು. ಆಮೇಲೆ ದಿಂಬನ್ನು ಅವುಚಿಕೊಂಡು ಹೊರಗೆ ಬಂದಳು. ಮುಖ ಹೊಳೆಯುತ್ತಿತ್ತು. ಆ ಹುಡುಗಿ ಅಷ್ಟು ಖುಷಿಯಾಗಿದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಚಿಕ್ಕಮ್ಮ, ಉದುರ್ತಾ ಇಲ್ಲ!"

"ಏನು ಪುಟ್ಟಿ?"

"ಅಮ್ಮನ ಕೂದ್ಲು. ನೋಡಿ, ಎಷ್ಟು ಸವರಿದ್ರೂ ಒಂದೂ ಬತ್ತಾ ಇಲ್ಲ." ಅಂಗೈ ಬಿಡಿಸಿ ತೋರಿಸಿದಳು. "ಅಮ್ಮ ಇದನ್ನ ಹೊಲೀವಾಗ ನಾನೇ ಡಬ್ಬಿಯಿಂದ ಒಂದೊಂದೇ ಎತ್ತಿ ಕೊಡ್ತಿದ್ದೆ. ಉದುರೋದು ನಿಂತ್ರೆ ವಾಸಿಯಾದಂಗೆ ಅಂತ ಅಮ್ಮ ಹೇಳಿದ್ಲು. ವಾಸಿಯಾದ ತಕ್ಷಣ ಆಸ್ಪತ್ರೆಯಿಂದ ಮನೆಗೆ ಬತ್ತೀನಿ ಅಂತಾನೂ ಹೇಳಿದ್ಲು."

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಿಲಿಗೆ ಹೋದರು. ಸಿದ್ದೇಶ್ ಕೈಯಲ್ಲಿ ಅವಳ ಬ್ಯಾಗು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಅಮ್ಮ ತೀರಿಕೊಂಡಳೆಂದು ಇಷ್ಟು ದಿನವಾದರೂ ಇವಳಿಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ ಎಂದು ಅವರ ಮುಖ ನೋಡಿದಾಗ ತಿಳಿಯಿತು. ಈಗ ನಾನು ಹೇಳಬೇಕಿತ್ತು. ಅದು ಅಮ್ಮನ ಕೂದಲಲ್ಲ ಮಗು, ನನ್ನದು, ಅಮ್ಮ ಬರುವುದಿಲ್ಲ ಎನ್ನಬೇಕಿತ್ತು. ಬಾಯಿ ತೆರೆದೆ.

ಅಷ್ಟರಲ್ಲಿ ಅವಳು ಹತ್ತಿರ ಬಂದು ನನ್ನ ಚೂಡಿದಾರದ ಅಂಚು ಹಿಡಿದುಕೊಂಡಳು. ದಿಂಬಿನವಳಿಗೆ ಕೇಳಿಸಬಾರದು ಅನ್ನುವ ಹಾಗೆ ದನಿ ತಗ್ಗಿಸಿದಳು. "ಅಮ್ಮ ಬಂದ್ಮೇಲೆ ನೀವು ಹೋಗ್ಬೇಡಿ. ಇಲ್ಲೇ ಇರಿ. ನಾನು ಅಮ್ಮಂಗೆ ಹೇಳಿ ಒಪ್ಪಿಸ್ತೀನಿ."

ನಾನು ಹೂಂ ಎಂದೆ.

ಇದಾಗಿ ನಾಲ್ಕು ತಿಂಗಳಾಯಿತು. ದಿನಾ ಸಂಜೆ ಗೇಟಿನ ಚಿಲಕ ಸದ್ದಾದರೆ ಅವಳು ಪುಸ್ತಕದಿಂದ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾಳೆ. ಈಚೆಗೆ ಅವಳಿಗಿಂತ ಮೊದಲು ನಾನೇ ತಿರುಗಿ ನೋಡುತ್ತೇನೆ.