ಈ ವರ್ಷ ಒಂದೇ ಗುರಿ

ನಮ್ಮ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿ ಇದೆ. ಡಿಸೆಂಬರಿನ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಹಾಳೆ ಕೊಡುತ್ತಾರೆ. ಬರುವ ವರ್ಷ ದೇವರ ಮುಂದೆ ಏನೇನು ಮಾಡುತ್ತೇವೆಂದು ಬರೆದು, ಲಕೋಟೆಗೆ ಹಾಕಿ ಅಂಟಿಸಿ ಕೊಡಬೇಕು. ನಮ್ಮ ಪಾದ್ರಿ ಸತೀಶ್ ಅಯ್ಯನವರು ಅದನ್ನು ಒಡೆಯದೆ ಇಟ್ಟುಕೊಂಡು ಮುಂದಿನ ಡಿಸೆಂಬರಿನಲ್ಲಿ ವಾಪಸು ಕೊಡುತ್ತಾರೆ. ಹೊಸನಗರದಲ್ಲಿ ನಮ್ಮವರು ಇರುವುದೇ ಹದಿನಾಲ್ಕು ಮನೆ. ಯಾರ ಲಕೋಟೆ ದಪ್ಪ, ಯಾರದ್ದು ತೆಳು ಅನ್ನುವುದೂ ಎಲ್ಲರಿಗೂ ಗೊತ್ತು.

ನನ್ನದು ದಪ್ಪ. ಸತ್ಯವೇದವನ್ನು ಮೊದಲಿಂದ ಕೊನೆವರೆಗೆ ಓದುವುದು, ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ ಮಾಡುವುದು, ಸಿಟ್ಟು ಕಡಿಮೆ ಮಾಡಿಕೊಳ್ಳುವುದು, ಹೊಲಿದ ಬ್ಲೌಸನ್ನು ಹೇಳಿದ ದಿನಕ್ಕೇ ಕೊಡುವುದು. ಹತ್ತು ವರ್ಷ ಇದನ್ನೇ ಬರೆದಿದ್ದೇನೆ. ಪ್ರತಿ ಫೆಬ್ರವರಿಯಲ್ಲೂ ಅದರ ಮೂರನೇ ಪುಸ್ತಕ ಯಾಜಕಕಾಂಡದ ಹತ್ತಿರ ಬಂದು ನಿಂತುಬಿಡುತ್ತೇನೆ. ಸಿಟ್ಟಿನ ವಿಷಯ ನನ್ನ ಟೈಲರಿಂಗ್ ಅಂಗಡಿಗೆ ಬರುವವರನ್ನು ಕೇಳಿ.

ಕಳೆದ ಡಿಸೆಂಬರಿನಲ್ಲಿ ಅಯ್ಯನವರು ನನ್ನ ಹಳೇ ಲಕೋಟೆಯನ್ನು ಕೈಗಿಡುತ್ತಾ, "ದಯಾಮಣಕ್ಕ, ಈ ಸಲ ಒಂದೇ ಬರೀರಿ. ಗುಣ ಬರೀಬೇಡಿ, ಒಬ್ಬರ ಹೆಸರು ಬರೀರಿ. ತಾರೀಕೂ ಹಾಕಿ" ಅಂದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರಿಂದ ಬುದ್ಧಿ ಹೇಳಿಸಿಕೊಂಡೆನಲ್ಲ ಎಂದು ಮೈ ಉರಿಯಿತು. ಆದರೆ ಬರೆಯಲು ಕೂತಾಗ ಒಂದು ಹೆಸರು ಬಿಟ್ಟು ಬೇರೆ ಹೊಳೆಯಲೇ ಇಲ್ಲ. "ಜನವರಿ ಒಂದಕ್ಕೆ ಸ್ತುತಿಯ ಜೊತೆ ಕೂತು ಉಣ್ಣುವುದು" ಎಂದು ಬರೆದು ಅಂಟಿಸಿಬಿಟ್ಟೆ.

ಸ್ತುತಿ ನನ್ನ ತಂಗಿ. ಹನ್ನೊಂದು ವರ್ಷದ ಹಿಂದೆ ಹುಂಚದ ಶ್ರೇಯಾಂಸನನ್ನು ಸಾಗರದಲ್ಲಿ ರಿಜಿಸ್ಟರ್ ಮದುವೆಯಾದಳು. ಅವರದು ಜೈನರ ಮನೆ. ಹೇಳಲು ಬಂದವಳನ್ನು ಒಳಗೂ ಕರೆಯದೆ, ಇನ್ನು ನಿನ್ನ ಜೊತೆ ಒಂದು ತುತ್ತೂ ಉಣ್ಣುವುದಿಲ್ಲ ಎಂದೆ. ಅಮ್ಮ ತೀರಿಹೋದ ಮೇಲೆ ಅವಳಿಗೆ ತುತ್ತು ಮಾಡಿ ತಿನ್ನಿಸಿದವಳು ನಾನೇ. ಹೊಸ ವರ್ಷದ ದಿನ ಆರಾಧನೆ ಮುಗಿಸಿ ಬಂದು ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಅವಳು ಹೋದ ಮೇಲೆ ಪ್ರತಿ ವರ್ಷ ಆ ಒಂದು ದಿನ ನನಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳನ್ನು ನೋಡಬೇಕು ಅನ್ನಿಸುವುದು ನನಗೆ ಹಸಿವಿನ ಹಾಗೆ, ಹೊತ್ತು ಹೊತ್ತಿಗೆ ಆಗುತ್ತಿತ್ತು. ಹುಂಚಕ್ಕೆ ಹೋಗುವ ಬಸ್ಸು ದಿನವೂ ನನ್ನ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ನಾನು ಹೊಲಿಗೆ ಮಿಷನ್ನಿನಿಂದ ತಲೆ ಎತ್ತುತ್ತಿರಲಿಲ್ಲ.

ಹೋಗುವುದೆಂದು ನಿಶ್ಚಯವಾದ ಮೇಲೆ ಕಲ್ಕಲ ಮಾಡಿದೆ. ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ, ಸುರುಳಿ ಸುತ್ತಿ ಕರಿಯುವ ನಮ್ಮ ಕ್ರಿಸ್‌ಮಸ್ ಸಿಹಿ ಅದು. ನಾವು ಮೊಟ್ಟೆ ಹಾಕುತ್ತೇವೆ. ಜೈನರ ಮನೆಗೆ ಅದು ಆಗದು ಎಂದು ತೆಂಗಿನಹಾಲಿನಲ್ಲೇ ಕಲಸಿದೆ. ಹೊಸ ಬಾಣಲೆ, ಹೊಸ ಎಣ್ಣೆ, ಹೊಸ ಡಬ್ಬಿ. ಇಷ್ಟು ಜಾಣತನ ನನಗೆ ಎಲ್ಲಿಂದ ಬಂತೋ ಅನ್ನಿಸಿತು.

ಜನವರಿ ಒಂದರ ಮಧ್ಯಾಹ್ನವೇ ಬಸ್ ಸ್ಟ್ಯಾಂಡಿಗೆ ಹೋದೆ. ಮೊದಲ ಬಸ್ಸು ರಶ್ಶಿದೆ ಎಂದು ಬಿಟ್ಟೆ. ಎರಡನೆಯದರಲ್ಲಿ ಸೀಟು ಖಾಲಿಯಿತ್ತು, ಕಂಡಕ್ಟರಿನ ಮುಖ ಸರಿ ಕಾಣಲಿಲ್ಲ ಎಂದು ಬಿಟ್ಟೆ. ನಿಜ ಹೇಳುವುದಾದರೆ ಹೆದರಿಕೆ. ಮೂರನೆಯದನ್ನು ಹತ್ತುವಾಗ ಐದೂವರೆ ದಾಟಿತ್ತು.

ಹುಂಚದಲ್ಲಿ ಇಳಿಯುವಾಗ ಕತ್ತಲಾಗಿತ್ತು. ಮನೆ ಕೇಳಿಕೊಂಡು ಹೋದೆ. ಬಾಗಿಲು ತೆರೆದವಳು ಸ್ತುತಿಯೇ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಕೈ ಹಿಡಿದು ಒಳಗೆ ಕರೆದುಕೊಂಡಳು. ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ಮೂಸಿ ನೋಡಿದಳು, ಮತ್ತೆ ಮುಚ್ಚಿದಳು. ಮೊಟ್ಟೆ ಹಾಕಿಲ್ಲ ಎಂದೆ. ಗೊತ್ತಾಯಿತು ಎಂಬಂತೆ ತಲೆಯಾಡಿಸಿದಳು, ಆದರೆ ಒಂದನ್ನೂ ಬಾಯಿಗೆ ಹಾಕಲಿಲ್ಲ.

ಆಗ ನನಗೆ ಹೊಳೆಯಿತು. ಜೈನರಲ್ಲವೇ, ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಏನೂ ತಿನ್ನುವುದಿಲ್ಲ. ಮೊಟ್ಟೆಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವಳು ಸೂರ್ಯನ ಬಗ್ಗೆ ಯೋಚಿಸಲೇ ಇಲ್ಲ.

ನಿನಗೊಬ್ಬಳಿಗೆ ಅನ್ನ ಬಡಿಸುತ್ತೇನೆ ಎಂದಳು. ಒಬ್ಬಳೇ ಉಣ್ಣಲು ನಾನು ಇಷ್ಟು ದೂರ ಬರಬೇಕಿತ್ತೇ? ನನ್ನ ಮೇಲೆ ನನಗೇ ಸಿಟ್ಟು ಬಂತು. ಲಾಸ್ಟ್ ಬಸ್ಸಿದೆ, ಹೊರಡುತ್ತೇನೆ ಎಂದು ಎದ್ದೆ. ಅವಳು ತಡೆಯಲಿಲ್ಲ. ತಡೆಯುವ ಹಕ್ಕು ತನಗಿಲ್ಲ ಎನ್ನುವ ಹಾಗೆ ಕಂಬಕ್ಕೆ ಒರಗಿ ನಿಂತಳು.

ಗೋಡೆಯ ಹತ್ತಿರ ಕೂತಿದ್ದ ಅವಳ ಅತ್ತೆ ಜ್ವಾಲಾಮಾಲಿನಮ್ಮ ನನ್ನ ಕಡೆ ತಿರುಗಿದರು. "ಪ್ರತಿ ಜನವರಿ ಒಂದಕ್ಕೆ ಇವಳು ನಮ್ ಜೊತೆ ಸಂಜೆ ಊಟಕ್ಕೆ ಕೂರಲ್ಲ. ಅಕ್ಕ ಬರ್ಬಹುದು ಅಂತ ಹೊತ್ತು ಮುಳುಗೋ ತನಕ ಜಗಲೀಲಿ ಇರ್ತಾಳೆ. ಆಮೇಲೆ ಹಾಗೇ ಮಲಗ್ತಾಳೆ. ಇವತ್ತೂ ಉಂಡಿಲ್ಲ."

ನಾನು ಮತ್ತೆ ಅಲ್ಲೇ ಕೂತೆ.

"ಬೆಳಿಗ್ಗೆ ಉಣ್ಣೋಣ. ಇರ್ತೀಯಾ ಅಕ್ಕ?" ಎಂದಳು ಸ್ತುತಿ.

ಅವಳ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಲಾಸ್ಟ್ ಬಸ್ಸು ಹೋದ ಸದ್ದು ಕೇಳಿಸಿತು. ಆ ರಾತ್ರಿ ಅಕ್ಕತಂಗಿ ಇಬ್ಬರೂ ಹಸಿದುಕೊಂಡೇ ಒಂದೇ ಚಾಪೆಯ ಮೇಲೆ ಮಲಗಿದೆವು.