ಗೀರಿಲ್ಲದ ಗೋಡೆ

ಗೇಜಿನ ಮುಳ್ಳು ಮತ್ತೆ ಇಪ್ಪತ್ತೆಂಟಕ್ಕೇ ಬಂದು ನಿಂತಿತು. ಸಿಲಿಂಡರಿಗೆ ತುಂಬಿದ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೆಂಟು ಪಾಲು ಸೋರಿಹೋಗುತ್ತಿದೆ. ರೇಸಿನ ಎಂಜಿನ್ನಿನಲ್ಲಿ ಐದು ದಾಟಿದರೇ ನನಗೆ ನಿದ್ದೆ ಬರುವುದಿಲ್ಲ.

ಸಂಜೆ ಆಮೆ ಬರುತ್ತಾನೆ. ಟ್ರ್ಯಾಕಿನಲ್ಲಿ ಬಾಣದಂತೆ ಹೋಗುವ ಡ್ರೈವರ್. ನೆಲದ ಮೇಲೆ ಕಾಲೆಳೆದುಕೊಂಡು ನಡೆಯುವುದರಿಂದ ಆ ಹೆಸರು. ನಾಡಿದ್ದು ರೇಸು. ನಾನೊಬ್ಬಳೇ ಕಟ್ಟಿದ ಮೊದಲ ಎಂಜಿನ್ ಇದು. ಇದು ಓಡಿದರೆ ನನ್ನ ಶೆಡ್ಡಿಗೆ ಒಂದು ಹೆಸರು. ಇಲ್ಲದಿದ್ದರೆ ಅವನು ಮೀಸೆ ಎಂದೇ ಎಲ್ಲರೂ ಕರೆಯುವ ಇನ್ನೊಬ್ಬ ಮೆಕ್ಯಾನಿಕ್ಕನ ಎಂಜಿನ್ ಕೂರಿಸಿಕೊಳ್ಳುತ್ತಾನೆ.

ಮೊದಲು ಗೇಜನ್ನೇ ಅನುಮಾನಿಸಿದೆ. ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಪರೀಕ್ಷೆಗೆ ಬೇಕಾದಂತೆ ಪಿಸ್ಟನ್ ಮೇಲ್ತುದಿಯಲ್ಲೇ ಇತ್ತು. ಸೈಲೆನ್ಸರಿಗೆ ಕಿವಿಯಿಟ್ಟೆ, ಸದ್ದಿಲ್ಲ. ಗಾಳಿ ಒಳಬರುವ ಬಾಯಿಗೂ ಕಿವಿಯಿಟ್ಟೆ, ಸದ್ದಿಲ್ಲ. ಹಾಗಾದರೆ ವಾಲ್ವುಗಳ ತಪ್ಪಲ್ಲ. ಆಯಿಲ್ ಮುಚ್ಚಳ ತೆಗೆದಾಗ ಮಾತ್ರ ಒಳಗಿನಿಂದ ಸುಸ್ಸೆಂಬ ಉಸಿರು. ಗಾಳಿ ಪಿಸ್ಟನ್ನಿನ ಪಕ್ಕದಿಂದ ಕೆಳಗಿಳಿಯುತ್ತಿದೆ. ಪಿಸ್ಟನ್ನಿನ ಸುತ್ತ ಕೂತು ಗಾಳಿ ತಡೆಯಬೇಕಾದ ರಿಂಗುಗಳು!

ಅವುಗಳ ತುದಿಗಳ ನಡುವಿನ ಸಂದನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಅರದಿಂದ ಉಜ್ಜಿ ಕೂರಿಸಿದವಳು ನಾನೇ. ಒಂದು ಸಿಲಿಂಡರ್ ಸೋರಿದ್ದರೆ ಕೈತಪ್ಪು ಎನ್ನಬಹುದಿತ್ತು. ನಾಲ್ಕು ಸಿಲಿಂಡರೂ ಒಂದೇ ಸಮ ಸೋರುವುದೆಂದರೆ? ಸ್ಪ್ಯಾನರನ್ನು ಮೂಲೆಗೆ ಎಸೆದೆ. ಅದು ಡಬ್ಬಿಗೆ ಬಡಿದು ನಟ್ಟುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅವನ್ನು ಆರಿಸುವವಳೂ ನಾನೇ.

ಸದ್ದಿಗೆ ಮಾವ ಒಳಬಂದರು. ಬಸ್ ಓಡಿಸಿ ನಿವೃತ್ತರಾದವರು.

"ಯಾರ ಮೇಲಮ್ಮಾ ಸಿಟ್ಟು?"

"ಎಂಜಿನ್ ಮೇಲೆ ಮಾವ. ರಿಂಗು ಕೂತಿಲ್ಲ."

"ಹೇಗೆ ಕೂರಲ್ಲ? ನಿಮ್ಮಮ್ಮನ ಕಣ್ಣಿನ ಆಪರೇಷನ್ನಿಗೆ ನೀನು ಹೋಗಿದ್ದಾಗ ದಿನಾ ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡ್ತಿದ್ನಲ್ಲ! ಹೊಸದನ್ನ ಸುಮ್ನೆ ಬಿಡಬಾರ್ದು. ಆಕ್ಸಿಲರೇಟರ್ ಮುಟ್ಟಿಲ್ಲ ನೋಡು, ಮಗು ತೂಗಿದ ಹಾಗೆ ತೂಗಿದೀನಿ."

ತಪ್ಪು ಅಲ್ಲೇ ಇತ್ತು.

ಹೊಸ ಸಿಲಿಂಡರಿನ ಗೋಡೆಯ ಮೇಲೆ ಬೇಕೆಂದೇ ನವಿರಾದ ಗೀರು ಹಾಕಿರುತ್ತೇವೆ. ಮೊದಲ ಓಟದಲ್ಲೇ ಎಂಜಿನ್ನಿಗೆ ಭಾರ ಹೊರಿಸಬೇಕು. ಆಗ ಒಳಗಿನ ಒತ್ತಡ ರಿಂಗನ್ನು ಗೋಡೆಗೆ ಒತ್ತಿ, ಎರಡೂ ಸವೆದು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಸುಮ್ಮನೆ ಗುರುಗುಟ್ಟಲು ಬಿಟ್ಟರೆ ಗೀರುಗಳಲ್ಲಿ ಆಯಿಲ್ ಸುಟ್ಟು ಗಾಜಿನಂತೆ ಮೆತ್ತಿಕೊಳ್ಳುತ್ತದೆ. ಆಮೇಲೆ ರಿಂಗು ಜಾರುತ್ತದೆಯೇ ಹೊರತು ಕೂರುವುದಿಲ್ಲ. ನಿನ್ನೆಯೆಲ್ಲ ನಾನು ಭಾರ ಹೊರಿಸಿ ಓಡಿಸಿದ್ದು ಮಣ್ಣುಪಾಲು.

ಇದನ್ನೆಲ್ಲ ಹೇಳಿದೆ. ಮಾವ ಇಲ್ಲವೆಂಬಂತೆ ತಲೆಯಾಡಿಸಿದರು. "ಮೆಲ್ಲಗೆ ಓಡಿಸಿ ಕೆಟ್ಟ ಬಸ್ಸು ನಾನೊಂದೂ ಕಂಡಿಲ್ಲ ಬಿಡು."

"ಆ ಬಸ್ಸುಗಳು ನಿಮ್ಮ ಕೈಗೆ ಬರೋ ಹೊತ್ತಿಗೇ ರಿಂಗು ಕೂತಿರ್ತಿತ್ತು ಮಾವ!"

ಗೇಟಿನಲ್ಲಿ ಚಪ್ಪಲಿ ಎಳೆಯುವ ಸದ್ದಾಯಿತು. ಆಮೆ.

"ಅಕ್ಕಾ, ರೆಡೀನಾ?"

"ಇಲ್ಲ ಕಣೋ. ಬಿಚ್ಚಬೇಕು. ಹೊಸ ರಿಂಗು ಬರೋಕೆ ವಾರ ಆಗುತ್ತೆ."

"ಹಾಗೇ ಕೊಡಿ, ಹೇಗೋ ಓಡಿಸ್ತೀನಿ."

"ಆಯಿಲ್ ಕುಡಿದು ಹೊಗೆ ಕಾರುತ್ತೆ. ಕೊಡಲ್ಲ."

"ಅವಳನ್ನ ಅನ್ನಬೇಡಪ್ಪಾ," ಎಂದರು ಮಾವ. "ಅವಳು ಊರಲ್ಲೇ ಇರ್ಲಿಲ್ಲ. ಜೋಪಾನ ಮಾಡಿದ್ದು ನಾನು."

ವಿಷಯ ತಿಳಿದು ಆಮೆ ಹೊಟ್ಟೆ ಹಿಡಿದು ನಕ್ಕ. "ಮುದ್ದು ಮಾಡೇ ಕೆಡಿಸಿದ್ರಲ್ಲ ತಾತ!" ಆ ನಗೆ ಬೈಗುಳಕ್ಕಿಂತ ಉರಿಯಿತು. ಅಂಗಳದಲ್ಲೇ ನಿಂತು ಮೀಸೆಗೆ ಫೋನ್ ಮಾಡಿದ. "ಹೂಂ, ಈಗ್ಲೇ ಬಂದೆ," ಎಂದದ್ದು ಕೇಳಿಸಿತು. ಅವತ್ತು ಅವನು ಬೇಗಬೇಗನೇ ನಡೆದ.

ನಾನು ಸಿಲಿಂಡರುಗಳನ್ನು ಮುಚ್ಚಿದ್ದ ಹೆಡ್ ಬಿಚ್ಚಿ ಎತ್ತಿದೆ. ಮಾವ ಟಾರ್ಚ್ ಹಿಡಿದು ಬಗ್ಗಿದರು.

"ಅಯ್ಯೋ, ಕನ್ನಡಿ ಹಾಗೆ ಹೊಳೀತಿದೆ! ಇದನ್ನ ಕೆಟ್ಟೋಯ್ತು ಅಂತೀಯಲ್ಲಮ್ಮಾ."

"ಹೊಳೀತಿರೋದೇ ಮಾವ ಕೆಟ್ಟಿರೋದು."

ಅವರು ಒಪ್ಪಲಿಲ್ಲ. ಪಿಸ್ಟನ್ನುಗಳನ್ನು ಹೊರತೆಗೆದು, ಉಜ್ಜುವ ಕಲ್ಲನ್ನು ಡ್ರಿಲ್ಲಿಗೆ ಸಿಕ್ಕಿಸಿ ಸಿಲಿಂಡರಿಗೆ ಇಳಿಸಿದೆ. ಮೊದಲ ಗೀರು ಬೀಳುತ್ತಿದ್ದಂತೆ ಮಾವ ತಮ್ಮ ಚರ್ಮವೇ ಕೆರೆದಂತೆ ಮುಖ ಹಿಂಡಿದರು.

"ಮೆಲ್ಲಗಮ್ಮಾ, ಮೆಲ್ಲಗೆ."

ಡ್ರಿಲ್ಲನ್ನು ಇನ್ನಷ್ಟು ಒತ್ತಿದೆ. ಅವರು ಇನ್ನೇನು ಹೇಳಿದರೋ, ಆ ಸದ್ದಿನಲ್ಲಿ ಕೇಳಿಸಲಿಲ್ಲ.