ಹಲಗೆ ಇಳಿಸಿದ ದಿನ

“ಈ ಮಕ್ಕಳಿಗಿರೋ ಬುದ್ಧೀಲಿ ಕಾಲು ಭಾಗ ನಿಮಗಿದ್ದಿದ್ರೆ ಸಾಕಿತ್ತು ಮೇಷ್ಟ್ರೇ,” ಎಂದರು ಹೆಡ್ ಮೇಡಂ, ತರಗತಿಯ ಬಾಗಿಲಲ್ಲಿ ನಿಂತು, ನಲವತ್ತು ಮಕ್ಕಳಿಗೂ ಕೇಳುವ ಹಾಗೆ. “ಹೊಸ ಬೋರ್ಡು. ಒಂದು ಗಂಟೆ ನೆಟ್ಟಗೆ ಇಟ್ಕೊಳ್ಳೋಕೆ ಆಗಲಿಲ್ವಾ?”

ಮೂಲೆಯಲ್ಲಿ ವೈರು ಸುತ್ತುತ್ತ ಕೂತಿದ್ದ ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ನಗುತ್ತಿರುವುದು ಕಾಣುತ್ತಿತ್ತು.

ಆಗಿದ್ದು ಇಷ್ಟು. ಕರಿಹಲಗೆ ಇಳಿಸಿ ಅದೇ ಗೋಡೆಗೆ ಟಚ್ ಬೋರ್ಡು ಕೂರಿಸುವುದು ನನ್ನ ಕೆಲಸ. ಅದರ ಮೇಲೆ ಬೆರಳಿನಲ್ಲಿ ಬರೆದರೂ ಅಕ್ಷರ ಮೂಡುತ್ತದೆ. ಜೊತೆಗೆ ಮಸಿಯಿಲ್ಲದ ಒಂದು ಪ್ಲಾಸ್ಟಿಕ್ ಪೆನ್ನನ್ನೂ ಕೊಡುತ್ತಾರೆ. ಅದಿನ್ನೂ ಡಬ್ಬದೊಳಗೇ ಇತ್ತು. ಮೇಜಿನ ಮೇಲೆ ಬಿದ್ದಿದ್ದದ್ದು ನನ್ನ ಮಾರ್ಕರ್. ಗೋಡೆಗೆ ತೂತು ಕೊರೆಯುವ ಮುಂಚೆ ಗುರುತು ಹಾಕುವಂಥದ್ದು, ಮಸಿ ನೀರಿಗೆ ಹೋಗುವುದಿಲ್ಲ. ಮೇಷ್ಟ್ರು ಅದನ್ನೇ ಬೋರ್ಡಿನ ಪೆನ್ನು ಎಂದುಕೊಂಡು, ಭಿನ್ನರಾಶಿಯ ಲೆಕ್ಕವೊಂದನ್ನು ಈ ತುದಿಯಿಂದ ಆ ತುದಿಯವರೆಗೆ ದಪ್ಪಗೆ ಬರೆದರು. ಅವರು ಎತ್ತಿಕೊಂಡದ್ದನ್ನು ನಾನು ನೋಡಿದ್ದೆ. ಬಾಯಿ ಬಿಟ್ಟಿದ್ದರೆ ಮೊದಲ ಅಂಕಿಗೇ ನಿಲ್ಲುತ್ತಿತ್ತು.

ಒರೆಸಿದರೆ ಹೋಗಲಿಲ್ಲ. ಕರವಸ್ತ್ರದಿಂದ ತಿಕ್ಕಿದರು. ಅದರ ಅಂಚನ್ನು ನಾಲಿಗೆಗೆ ತಾಗಿಸಿ, ಸ್ಲೇಟು ಒರೆಸುವ ಹಾಗೆ ಮತ್ತೆ ತಿಕ್ಕಿದರು.

“ಇನ್ನೊಂಚೂರು ಉಗುಳು ಬೇಕಾ ಸರ್? ನಮ್ಮದೂ ಇದೆ,” ಎಂದ ಹಿಂದಿನ ಬೆಂಚಿನವನು.

“ಸುಮ್ನಿರೋ, ಸರ್ ಬೋರ್ಡಿಗೆ ಸ್ನಾನ ಮಾಡಿಸ್ತಿದಾರೆ.”

ಮುಂದಿನ ಬೆಂಚಿನ ಹುಡುಗಿ ಮೊಬೈಲು ಎತ್ತಿ ಹಿಡಿದಿದ್ದಳು. “ಸರ್, ಸ್ವಲ್ಪ ಈ ಕಡೆ ತಿರುಗಿ, ಮುಖ ಬರ್ತಿಲ್ಲ.” ಮೇಷ್ಟ್ರು ತಿರುಗಿಯೇಬಿಟ್ಟರು.

ನಾನೂ ನಕ್ಕೆ. ಹೊಟ್ಟೆ ತುಂಬ ನಕ್ಕೆ.

ಇದೇ ಕೋಣೆ, ಇದೇ ಮೇಷ್ಟ್ರು, ಇದೇ ಭಿನ್ನರಾಶಿ. ಏಳು ವರ್ಷದ ಹಿಂದೆ, ನಾನು ಎಂಟನೇ ತರಗತಿಯಲ್ಲಿದ್ದಾಗ, “ನಿನ್ನ ತಲೇಲಿರೋದು ಇದೇ ಕಣೋ” ಎಂದು ಕರಿಹಲಗೆಯ ಮೇಲೆ ಸೊನ್ನೆ ಬರೆದು, ಅದರೊಳಗೆ ನನ್ನ ಮೂಗು ಇಡಿಸಿ ನಿಲ್ಲಿಸಿದ್ದರು. ಗಂಟೆ ಹೊಡೆಯುವವರೆಗೂ. ಮೂಗಿನ ತುದಿಗೆ ಸೀಮೆಸುಣ್ಣ ಮೆತ್ತಿಕೊಂಡು ತಿರುಗಿದರೆ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ನನ್ನ ಹೆಸರು ಸೊನ್ನೆ. ಬೀದಿಯಲ್ಲೂ ಸೊನ್ನೆ, ಕೊನೆಗೆ ಮನೆಯಲ್ಲಿ ತಂಗಿಯ ಬಾಯಲ್ಲೂ ಸೊನ್ನೆ. ವರ್ಷ ಮುಗಿಯುವ ಮೊದಲೇ ಪುಸ್ತಕದ ಚೀಲ ಮೂಲೆಗೆಸೆದೆ. ಅಮ್ಮ ಅತ್ತಳು, ಅಂಗಲಾಚಿದಳು. ಮತ್ತೆ ಈ ಬಾಗಿಲು ತುಳಿಯಲಿಲ್ಲ.

ಇವತ್ತು ಬೆಳಿಗ್ಗೆ ಅದೇ ಹಲಗೆಯ ಸ್ಕ್ರೂ ಬಿಚ್ಚಿದೆ. ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಮೇಷ್ಟ್ರೇ ಬಂದು ಹಿಡಿದರು. ಆಮೇಲೆ ಅಳತೆ ಟೇಪಿನ ತುದಿಯನ್ನೂ ಹಿಡಿದರು. ನಾನು ಗೋಡೆಯ ಅರ್ಧದಲ್ಲಿ ಬೋರ್ಡಿನ ಅರ್ಧ ಕಳೆದು, ಮನಸ್ಸಿನಲ್ಲೇ ಲೆಕ್ಕ ಮಾಡಿ ಗುರುತು ಹಾಕಿದೆ.

“ಕಾಗದ ಇಲ್ದೇನೇ ಮಾಡ್ತೀರಲ್ಲ. ಎಲ್ಲಿ ಓದಿದ್ರಿ ನೀವು?” ಎಂದರು.

ನೀವಂತೆ. ನನ್ನ ಓದನ್ನೇ ಮುಗಿಸಿಬಿಟ್ಟ ಮನುಷ್ಯನಿಗೆ ನನ್ನ ಮುಖವೂ ನೆನಪಿಲ್ಲ. ಮೈಯೆಲ್ಲ ಉರಿದುಹೋಯಿತು. ಮಾರ್ಕರನ್ನು ಮೇಜಿನ ಮೇಲೆ ಕುಕ್ಕಿ ಡ್ರಿಲ್ ಎತ್ತಿಕೊಂಡೆ.

ಈಗ ಹೆಡ್ ಮೇಡಂ ಇನ್ನೂ ಮುಗಿಸಿರಲಿಲ್ಲ. “ನಾಳೆಯಿಂದ ನಿಮಗೆ ಕ್ಲಾಸು ಬೇಡ. ರಿಟೈರ್ ಆಗೋ ತನಕ ಲೈಬ್ರರೀಲಿ ಕೂತ್ಕೊಳ್ಳಿ, ಅಲ್ಲಿ ಹಾಳು ಮಾಡೋಕೆ ಏನೂ ಇಲ್ಲ. ಆ ಪೆನ್ನು ಯಾರದು?”

ಮೇಷ್ಟ್ರು ಕೈಯಲ್ಲಿದ್ದ ಪೆನ್ನು ನೋಡಿದರು. ನನ್ನ ಸಾಮಾನಿನ ಚೀಲ ನೋಡಿದರು. ಅದರ ಜೇಬಿನಲ್ಲಿ ಅಂಥವೇ ಇನ್ನೆರಡು ಇಣುಕುತ್ತಿದ್ದವು.

“ನಂದೇ,” ಎಂದು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟರು.

ಸುತ್ತುತ್ತಿದ್ದ ವೈರು ಬಿಟ್ಟು ಎದ್ದೆ.

ಚೀಲದಲ್ಲಿ ಸ್ಪಿರಿಟ್ ಬಾಟಲಿ ಇತ್ತು. ಬಟ್ಟೆಗೆ ನಾಲ್ಕು ಹನಿ ಹಾಕಿ ಬೋರ್ಡು ಒರೆಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

“ಪೆನ್ನು ನಂದು ಮೇಡಂ. ಮರೆತು ಇಟ್ಟಿದ್ದೆ. ಅವರದೇನೂ ತಪ್ಪಿಲ್ಲ.”

“ಯಾರದಾದ್ರೇನಪ್ಪ, ಬರೆದೋರು ಅವರು ತಾನೇ? ಎಲ್ಲರ ಮುಂದೆ ಹೇಳಿದ್ದನ್ನ ಈಗ ವಾಪಸ್ ತಗೊಳ್ಳೋಕಾಗುತ್ತಾ?” ಎಂದು ಅವರು ಹೊರಟುಹೋದರು.

ಮುಂದಿನ ಬೆಂಚಿಗೆ ತಿರುಗಿದೆ. “ಆ ವಿಡಿಯೋ ಅಳಿಸಮ್ಮ.”

“ಆಗ್ಲೇ ಗ್ರೂಪಿಗೆ ಹಾಕಾಯ್ತಲ್ಲ ಅಣ್ಣ,” ಎಂದಳು. “ನೀವೂ ಇದೀರಾ. ಮೂಲೇಲಿ ನಗ್ತಾ.”

ಅದನ್ನು ಒರೆಸಲು ನನ್ನ ಚೀಲದಲ್ಲಿ ಏನೂ ಇರಲಿಲ್ಲ.

ಮೇಷ್ಟ್ರು ಸೈಕಲ್ ನಿಲ್ಲಿಸುವ ಕಡೆ ಸಿಕ್ಕಿದರು. ಓಡಿಬಂದಿದ್ದರಿಂದ ಉಸಿರು ಸಾಲದೆ, ಒಂದೇ ಸಲಕ್ಕೆ ಎಲ್ಲ ಉಗುಳಿದೆ. “ನೀವು ಎತ್ಕೊಂಡಾಗ್ಲೇ ನೋಡಿದ್ದೆ ಸರ್. ಬೇಕಂತಲೇ ಸುಮ್ನಿದ್ದೆ.”

ಅವರು ಜೇಬಿನಿಂದ ಮಾರ್ಕರ್ ತೆಗೆದು, ಕ್ಯಾಪನ್ನು ಟಿಕ್ ಎನ್ನುವವರೆಗೂ ಒತ್ತಿ, ನನ್ನ ಕೈಗಿಟ್ಟರು.

“ನಂದು ಅಂತ ಗೊತ್ತಿತ್ತಲ್ಲ, ಮತ್ಯಾಕೆ ಹೇಳ್ಲಿಲ್ಲ?” ನನ್ನ ದನಿ ಏರಿತು. “ನನ್ನನ್ನ ತೋರಿಸಬೇಕಿತ್ತು. ಬೈಬೇಕಿತ್ತು. ನಿಮಗೆ ಬೈಯೋಕೆ ಬರಲ್ವಾ? ನಾನು ಸೊನ್ನೆ ಸರ್. ಎಂಟನೇ ಕ್ಲಾಸಿನ ಸೊನ್ನೆ. ನೆನಪಿದೆಯಾ?”

ಅವರ ಕಣ್ಣು ನನ್ನ ಮೂಗಿನ ತುದಿಯ ಮೇಲೆ ಒಂದು ಗಳಿಗೆ ನಿಂತಿತು, ಅಥವಾ ನನಗೆ ಹಾಗನ್ನಿಸಿತು. ಬೈಯಲಿ ಎಂದು ಕಾದೆ. ಒಂದೇ ಒಂದು ಮಾತು ಬೈದಿದ್ದರೆ ಸಾಕಿತ್ತು.

ಸೈಕಲಿನ ಸ್ಟ್ಯಾಂಡು ತೆಗೆದರು. ಹತ್ತಲಿಲ್ಲ. ಹ್ಯಾಂಡಲ್ ಹಿಡಿದು ತಳ್ಳಿಕೊಂಡು, ಗೇಟು ದಾಟಿ ನಡೆದುಹೋದರು.